ಡಿಸ್ಕ್ ತಣಿಯುವವರೆಗೆ

ನಮ್ಮ ಉಪ್ಪಳದ ಕಡೆ ಕಾರು ತೊಳೆಯುವುದೆಂದರೆ ಒಂದು ವ್ರತ. ಗಲ್ಫಿನ ಹಣದಲ್ಲಿ ಎದ್ದ ಮನೆಗಳ ಪೋರ್ಚುಗಳಲ್ಲಿ, ಯಜಮಾನ ಊರಲ್ಲಿರಲಿ ಇಲ್ಲದಿರಲಿ, ಬೆಳಗಾದರೆ ಪೈಪು ಹಿಡಿದು ಯಾರಾದರೊಬ್ಬರು ನಿಂತಿರುತ್ತಾರೆ. ತೊಳೆಯುವುದು, ಒರೆಸುವುದು, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಆರಿಸುವುದು, ಮತ್ತೆ ಹೊದಿಕೆ ಹೊದಿಸುವುದು. ಗೇಟು ಮಾತ್ರ ತೆರೆಯುವುದಿಲ್ಲ. ವರ್ಷಕ್ಕೊಮ್ಮೆ ಯಜಮಾನ ಬರುವವರೆಗೆ ಆ ಕಾರಿಗೆ ರಸ್ತೆಯ ಮುಖ ಕಾಣಲಿಕ್ಕಿಲ್ಲ.

ಗಂಡ ತೀರಿಕೊಂಡ ಮೇಲೆ ಆ ವ್ರತವನ್ನು ನಾನೂ ಹಿಡಿದೆ. ನನ್ನ ಯಜಮಾನರು ವರ್ಷಕ್ಕೊಮ್ಮೆಯೂ ಬರುವವರಲ್ಲ ಎಂದು ಗೊತ್ತಿದ್ದೂ ಹಿಡಿದೆ.

ಅವರು ಅಬುಧಾಬಿಯಲ್ಲಿ ಡ್ರೈವರ್ ಆಗಿದ್ದವರು. ಪ್ರಾಯದ ದಿನಗಳನ್ನೆಲ್ಲ ಬೇರೆಯವರ ದೊಡ್ಡ ಕಾರು ಓಡಿಸುವುದರಲ್ಲೇ ಕಳೆದರು. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸುವಾಗ ಅಂಥದ್ದೇ ಒಂದು ತನಗೂ ಬೇಕೆಂದು ಹಠ ಹಿಡಿದು, ನನ್ನ ಹಳೆಯ ಸಣ್ಣ ಕಾರನ್ನು ಕೊಟ್ಟು, ಸೆಕೆಂಡ್ ಹ್ಯಾಂಡಿನಲ್ಲಿ ಈ ಕರಿ ಬಣ್ಣದ ಜರ್ಮನ್ ಕಾರನ್ನು ತಂದರು. ನನಗೆ ಸಿಟ್ಟು ಬಂದಿತ್ತು. ಉಪ್ಪಳ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿದು ಸಂಪಾದಿಸಿ ನಾನೇ ತೆಗೆದುಕೊಂಡದ್ದು ಆ ಸಣ್ಣ ಕಾರು. ಬೈಯಲು ಬಾಯಿ ತೆರೆದಾಗ ಅವರು ಹೊಸ ಕಾರಿನ ಎಡಗಡೆಯ ಬಾಗಿಲು ತೆರೆದು ಹಿಡಿದು ನಿಂತಿದ್ದರು.

"ಅಲ್ಲಿ ಸಾಹೇಬರು ಹಿಂದೆ ಕೂತುಕೊಳ್ಳುದು," ಎಂದರು. "ನನ್ನ ಪಕ್ಕದ ಸೀಟಿನಲ್ಲಿ ಇಷ್ಟು ವರ್ಷ ಟಿಶ್ಯೂ ಡಬ್ಬ ಮಾತ್ರ. ಇನ್ನು ಅಲ್ಲಿ ನೀನು ಕೂತ್ಕೋ."

ಕೂತೆ. ಬೈಗುಳ ಬಾಯಲ್ಲೇ ಉಳಿಯಿತು. ನಮಗೆ ಮಕ್ಕಳಿಲ್ಲ. ಮದುವೆಯಾದ ಮೇಲೆ ಒಟ್ಟಿಗೆ ಕೂತು ದಾರಿ ಸವೆಸಿದ್ದು ಆ ಕಾರಿನಲ್ಲಿಯೇ ಹೆಚ್ಚು. ಅದೂ ವರ್ಷ ತುಂಬಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅದಕ್ಕೆ ಸ್ವಲ್ಪ ಮೊದಲೇ ಹೆದ್ದಾರಿ ಅಗಲ ಮಾಡುವಾಗ ನನ್ನ ಹೊಲಿಗೆ ಅಂಗಡಿಯಿದ್ದ ಕಟ್ಟಡ ಹೋಗಿತ್ತು. ಹಾಗಾಗಿ ಗಂಡ ಹೋದ ಮೇಲೆ ಹೋಗಿ ಕೂರಲು ಒಂದು ಜಾಗವೂ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದು ಕಾರು ತೊಳೆಯುತ್ತಿದ್ದೆ. ಗಾಲಿಗಳ ಎಡೆಗೆ ಬೆರಳು ಹಾಕಿ ಉಜ್ಜುತ್ತಿದ್ದೆ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಚಾದ ಲೋಟ ಹಿಡಿದು ಕೂರುತ್ತಿದ್ದೆ. ಎಸಿಯ ಗಾಳಿ, ಸಣ್ಣಗೆ ಇಂಜಿನ್ನಿನ ಗುರುಗುಟ್ಟು, ಬಲಗಡೆ ಖಾಲಿ ಸೀಟು. ಗೇಟಿನಾಚೆ ಬಸ್ಸಿಗೆ ಕಾಯುವವರು ನೋಡಿ ನಗುತ್ತಿದ್ದರೇನೋ. ನಗಲಿ. ಇಡೀ ದಿನದಲ್ಲಿ ನನ್ನ ಹತ್ತಿರ ಏನೋ ಒಂದು ಶಬ್ದ ಮಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಹೀಗಿರುವಾಗ ಗಂಡನ ಅಕ್ಕನ ಮಗ ಕಾರು ಮಾರುವ ಮಾತು ತೆಗೆದ. ನಮ್ಮವರಲ್ಲಿ ಹಿಂದೆ ಮಾವನ ಸೊತ್ತಿಗೆ ಸೋದರಳಿಯನೇ ಹಕ್ಕುದಾರ. ಆ ಕಾನೂನು ಹೋಗಿ ಎಷ್ಟೋ ಕಾಲವಾಯಿತು, ಬುದ್ಧಿ ಮಾತ್ರ ಹೋಗಲಿಲ್ಲ. ಹಾಗೆಂದು ಇವನು ಕೆಟ್ಟವನಲ್ಲ. ಮಾವನಿಗೆ ಕೊಳ್ಳಿ ಇಟ್ಟವನೂ ಇವನೇ, ಕಾಸರಗೋಡಿನಿಂದ ಆಗಾಗ ಬಂದು ಗ್ಯಾಸ್ ಉಂಟೋ, ಮದ್ದು ಉಂಟೋ ಎಂದು ನೋಡಿ ಹೋಗುವವನೂ ಇವನೇ.

"ಮಾಮಿ, ನಿಂತಲ್ಲೇ ನಿಂತರೆ ಇದು ಹಾಳಾಗ್ತದೆ," ಎಂದ. "ನೀವು ಓಡಿಸುದಿಲ್ಲ, ನಾನು ಓಡಿಸುದಿಲ್ಲ. ಒಬ್ಬ ಒಳ್ಳೆ ಗಿರಾಕಿ ಉಂಟು. ಕೊಡುವಾ?"

ನಾನು "ಹ್ಞೂಂ" ಎಂದೆ. ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಬೆಳಿಗ್ಗೆ ಅದರೊಳಗೆ ಕೂತು ಚಾ ಕುಡಿಯಲು ಬೇಕು ಎಂದು ಯಾರಿಗಾದರೂ ಹೇಳಲಾಗುತ್ತದೆಯೇ? ಹೇಳಿದ್ದರೆ ಅವನು ನನ್ನನ್ನು ಕಾರಿನ ಬದಲು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಆದರೆ ಆ ಕಾರು ಗೇಟು ದಾಟಿ ಹೋದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಲಿ ಎಂದು ಯೋಚಿಸಿದರೆ ನನಗೆ ಒಂದೂ ಹೊಳೆಯುತ್ತಿರಲಿಲ್ಲ.

ಗಿರಾಕಿ ಬಂದ ದಿನ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರು ಸುತ್ತ ನೋಡಿ ತಲೆದೂಗಿ, ಕೂತು, ಗೇರಿಗೆ ಹಾಕಿದರು. ಕಾರು ಹಿಂದಿನಿಂದ ಒಮ್ಮೆ ಕುಳಿತ ಹಾಗೆ ಮಾಡಿತೇ ಹೊರತು ಕದಲಲಿಲ್ಲ. ಇನ್ನಷ್ಟು ಒತ್ತಿದಾಗ ಅಡಿಯಲ್ಲಿ 'ಢಬ್' ಎಂದು ಏನೋ ಕಿತ್ತು ಬಂದ ಶಬ್ದ. ಆಮೇಲೆ ಗೇಟಿನ ತನಕವೂ ಕರಕರ, ಅರೆಯುವ ಕಲ್ಲಿನಲ್ಲಿ ಉಪ್ಪು ಅರೆದ ಹಾಗೆ. ಬ್ರೇಕು ಹಾಕಿದರೆ ಸ್ಟಿಯರಿಂಗ್ ಗಡಗಡ ನಡುಗಿತು.

ಗಿರಾಕಿ ಇಳಿದು, "ಬ್ರೇಕ್ ಸರಿ ಮಾಡಿಸಿ ಇಡಿ, ಮತ್ತೆ ಬರ್ತೇನೆ," ಎಂದು ಹೋದರು. ಅಳಿಯ ತಲೆಯ ಮೇಲೆ ಕೈ ಹೊತ್ತು ನಿಂತ. ನನಗೆ ಸಂತೋಷವಾಯಿತು. ಮುಖದಲ್ಲಿ ಕಾಣದ ಹಾಗೆ ನೋಡಿಕೊಂಡೆ.

ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಹತ್ತಿರ ಶೆಡ್ಡು ಹಾಕಿಕೊಂಡು ದೊಡ್ಡ ಕಾರುಗಳ ಕೆಲಸ ಮಾತ್ರ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಬಾಯಿ ಸ್ವಲ್ಪ ಜಾಸ್ತಿ. ಬ್ರೇಕು ಕಚ್ಚುವ ಕಾರನ್ನು ಅಷ್ಟು ದೂರ ತರುವುದು ಬೇಡವೆಂದು ಅವನೇ ಸಾಮಾನು ಹೇರಿಕೊಂಡು ನಮ್ಮ ಪೋರ್ಚಿಗೆ ಬಂದ. ಜಾಕಿ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ನಾಲ್ಕೂ ಗಾಲಿ ಬಿಚ್ಚಿದ. ಗಾಲಿಯ ಹಿಂದೆ ಒಂದು ಕಬ್ಬಿಣದ ತಟ್ಟೆ ಇರುತ್ತದೆ, ಅದೇ ಡಿಸ್ಕು. ಗಾಲಿಯ ಜೊತೆ ಅದೂ ತಿರುಗುತ್ತದೆ. ಬ್ರೇಕು ಒತ್ತಿದಾಗ ಎರಡು ಕಡೆಯಿಂದ ಪ್ಯಾಡುಗಳು ಬಂದು ಅದನ್ನು ಹಿಡಿಯುತ್ತವೆ. ಇಷ್ಟು ದಿನ ಗಾಲಿಯ ಎಡೆಯಲ್ಲಿ ಕಾಣುವ ಆ ತಟ್ಟೆಯನ್ನೂ ನಾನು ಉಜ್ಜಿ ತೊಳೆದಿದ್ದೆ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಹಿಂದಿನ ಡಿಸ್ಕುಗಳು ಹಪ್ಪಳದ ಹಾಗೆ ಗುಳ್ಳೆ ಎದ್ದಿದ್ದವು. ಕೆಂಪು ತುಕ್ಕಿನ ನಡುವೆ ಪ್ಯಾಡು ಕಚ್ಚಿ ಕೂತಿದ್ದ ಜಾಗದ ಅಚ್ಚು ಬೇರೆ.

"ಅಕ್ಕ, ಇದನ್ನು ದಿನಾ ತೊಳಿತೀರಾ?" ಎಂದು ಕೇಳಿದ.

"ದಿನಾ," ಎಂದೆ, ಹೆಮ್ಮೆಯಿಂದಲೇ.

"ತೊಳ್ದು ಎಂತ ಮಾಡ್ತೀರಿ?"

"ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡ್ತೇನೆ. ಮತ್ತೆ ಬಂದ್ ಮಾಡ್ತೇನೆ."

"ಓಡಿಸುದಿಲ್ಲ?"

"ಇಲ್ಲ."

"ಅದೇ ಆದದ್ದು ಮಾರಾಯ್ರೆ. ಇದು ಬರೀ ಕಬ್ಬಿಣ. ಪೈಂಟು ಗೀಂಟು ಎಂತದೂ ಇಲ್ಲ. ನೀರು ಬಿದ್ದು ಹಾಗೇ ನಿಂತ್ರೆ ಮರುದಿನಕ್ಕೆ ಕೆಂಪಾಗ್ತದೆ. ತೊಳ್ದ ಕೂಡ್ಲೆ ಒಂದು ಸುತ್ತು ಹೋಗಿ ನಾಲ್ಕು ಸಲ ಬ್ರೇಕ್ ಹಾಕಿದ್ರೆ ಪ್ಯಾಡೇ ಉಜ್ಜಿ ಒಣಗಿಸ್ತದೆ. ನೀವು ಒದ್ದೆ ಮಾಡಿ, ಬ್ರೇಕ್ ಕಚ್ಚಿಸಿ ಇಟ್ರಿ. ಮೇಲಿಂದ ಕಡಲಿನ ಗಾಳಿ. ನಿಮ್ಮ ಬಾವಿ ನೀರೂ ಬೇಸಿಗೆಯಲ್ಲಿ ಚೂರು ಉಪ್ಪು ಇರಬೇಕು, ಅಲ್ವಾ?"

ನಾನು ಒಳಗೆ ಹೋಗಿ ಅಡಿಗೆ ಕೋಣೆಯಲ್ಲಿ ಚಾಕ್ಕೆ ನೀರಿಟ್ಟೆ.

ಒಂದು ಸುತ್ತು. ನನ್ನ ಯಜಮಾನರು ತೊಳೆದ ಕೂಡಲೇ ಒಂದು ಸುತ್ತು ಹೋಗಿಯೇ ಹೋಗುತ್ತಿದ್ದರು. ಬಂದ್ಯೋಡಿನ ತನಕ, ಕೆಲವೊಮ್ಮೆ ಕುಂಬಳೆಯ ತನಕ, ಭಾನುವಾರವಾದರೆ ಬದಿಯಡ್ಕಕ್ಕೆ. "ಈಗ ತೊಳೆದದ್ದಲ್ವಾ? ಮತ್ತೆ ಧೂಳು ಮಾಡ್ಲಿಕ್ಕೆ ಹೊರಟದ್ದಾ?" ಎಂದು ನಾನು ರೇಗಿದರೆ ನಕ್ಕು, "ಬಾ, ಕೂತ್ಕೋ," ಎನ್ನುತ್ತಿದ್ದರೇ ಹೊರತು ಕಾರಣ ಹೇಳಲಿಲ್ಲ. ಹೋಟೆಲಿನ ಚಾದ ಆಸೆ ಎಂದು ನಾನು ತಿಳಿದಿದ್ದೆ. ಅವರು ಹೋದ ಮೇಲೆ ತೊಳೆಯುವುದನ್ನು ಉಳಿಸಿಕೊಂಡು ಸುತ್ತನ್ನು ಬಿಟ್ಟೆ. ತೊಳೆಯುವುದು ಕೆಲಸ, ಸುತ್ತುವುದು ಅವರ ಶೋಕಿ ಎಂದು ನನ್ನ ಲೆಕ್ಕ. ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ, ಬಟ್ಟೆ ಇಡದೆ ಮೆಷಿನ್ ತುಳಿದರೆ ಬಟ್ಟೆ ಎಳೆಯುವ ಹಲ್ಲು ಹಾಳಾಗುತ್ತದೆ ಎಂದು ಗದರಿಸುತ್ತಿದ್ದವಳು ನಾನು. ಇಷ್ಟು ಕಾಲ ಬಟ್ಟೆಯಿಲ್ಲದೆ ತುಳಿದವಳೂ ನಾನೇ.

ಅವರ ನೆನಪಿಗೆಂದು ತೊಳೆದು ತೊಳೆದೇ ಅವರ ಕಾರನ್ನು ಹಾಳು ಮಾಡಿದ್ದೆ. ಅಡಿಗೆ ಕೋಣೆಯಲ್ಲಿ ಸ್ವಲ್ಪ ಅತ್ತೆ. ಮತ್ತೆ ಚಾ ಮಾಡಿಕೊಂಡು ಹೊರಗೆ ಬಂದೆ.

ಮುಂದಿನ ಡಿಸ್ಕುಗಳ ಕತೆಯೇ ಬೇರೆ ಎಂದ ಮೆಕ್ಯಾನಿಕ್. ಮೇಲಿನ ತುಕ್ಕನ್ನು ಉಜ್ಜಿದರೆ ಅಡಿಯಲ್ಲಿ ಸುತ್ತಲೂ ಗೀರುಗಳು, ಹಳೆಯ ಗ್ರಾಮಫೋನ್ ಪ್ಲೇಟಿನಲ್ಲಿ ಇರುವ ಹಾಗೆ.

"ಇದು ತುಕ್ಕಲ್ಲ, ಸವೆದದ್ದು. ಯಾರು ಓಡಿಸ್ತಿದ್ದದ್ದು? ಮೆಲ್ಲ ಮೆಲ್ಲ ಉದ್ದಕ್ಕೆ ಬ್ರೇಕ್ ಹಿಡಿಯುವ ಜನ."

ಅಷ್ಟೆಲ್ಲ ಡಿಸ್ಕು ನೋಡಿ ಗೊತ್ತಾಗುತ್ತದೋ ಅಥವಾ ಅವನ ಬುರುಡೆಯೋ, ನನಗೆ ತಿಳಿಯದು. ಆದರೆ ಮಾತು ಸುಳ್ಳಲ್ಲ. ಹಿಂದೆ ಕೂತ ಸಾಹೇಬರ ಕೈಯ ಚಾ ತುಳುಕಬಾರದು ಎಂದು ಅವರು ದೂರದಿಂದಲೇ ಬ್ರೇಕಿನ ಮೇಲೆ ಕಾಲಿಟ್ಟು ನಯವಾಗಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತಾಗಲೂ ಹಾಗೆಯೇ. ಉಪ್ಪಳದ ರಸ್ತೆಯಲ್ಲಿ ಕೋಳಿ ಅಡ್ಡ ಬಂದರೂ ನನ್ನ ಮೈ ಮುಂದಕ್ಕೆ ವಾಲುತ್ತಿರಲಿಲ್ಲ. ಮೆಕ್ಯಾನಿಕ್ ಆಚೆ ಹೋದಾಗ ಆ ಗೀರಿನೊಳಗೆ ಉಗುರು ಇಟ್ಟು ಒಂದು ಸುತ್ತು ಬಂದೆ. ಉಗುರು ಎಲ್ಲಿಯೂ ತಪ್ಪಲಿಲ್ಲ.

ಹಿಂದಿನದ್ದು ಹೊಸತೇ ಬೇಕು, ಮುಂದಿನದ್ದನ್ನು ಲೇತಿಗೆ ಕೊಟ್ಟು ಚೂರು ಸವರಿದರೆ ಮಾರಲಿಕ್ಕೆ ಸಾಕು ಎಂದು ಅವನ ಅಭಿಪ್ರಾಯ. ಫೋನಿನಲ್ಲಿ ಅಳಿಯನೂ ಅದನ್ನೇ ಹೇಳಿದ. ನಾನು ಕನ್ನಡಕ ಹಾಕಿ ಡಿಸ್ಕಿನ ಅಂಚು ನೋಡಿದೆ. ಇದಕ್ಕಿಂತ ತೆಳ್ಳಗಾದರೆ ಬಳಸಬಾರದು ಎಂಬ ಅಳತೆಯನ್ನು ಅಲ್ಲಿಯೇ ಕೊರೆದಿದ್ದರು. ಅಳತೆ ಮಾಡಿ ನೋಡು ಎಂದೆ. ಅವನು ಗೊಣಗುತ್ತಾ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದ. ಸವರಲು ಅಲ್ಲಿ ಏನೂ ಉಳಿದಿರಲಿಲ್ಲ.

"ನಾಲ್ಕೂ ಹೊಸತು ಹಾಕು."

"ಮಾರುವ ಕಾರಿಗೆ ಎಂತಕ್ಕೆ ಅಕ್ಕ ಅಷ್ಟೆಲ್ಲ?"

"ಯಾರು ಓಡಿಸಿದ್ರೂ ಅದು ನಿಲ್ಲಬೇಕಲ್ಲ ಮಾರಾಯ?" ಎಂದೆ. ಅದು ಪೂರ್ತಿ ನಿಜವಲ್ಲ. ಸಾಮಾನು ಕೊಚ್ಚಿಯಿಂದ ಬರಬೇಕು, ದಿನ ಹಿಡಿಯುತ್ತದೆ ಎಂದು ಅವನು ಹೇಳಿದ್ದೂ ನನ್ನ ಕಿವಿಗೆ ಬಿದ್ದಿತ್ತು.

ಅಷ್ಟೂ ದಿನ ಕಾರು ಗಾಲಿಯಿಲ್ಲದೆ ಪೋರ್ಚಿನಲ್ಲಿ ನಿಂತಿತ್ತು. ತೊಳೆಯಬೇಡಿ ಎಂದು ಮೆಕ್ಯಾನಿಕ್ ಕಟ್ಟಪ್ಪಣೆ ಮಾಡಿದ್ದ. ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ. ಸ್ಟ್ಯಾಂಡಿನ ಮೇಲೆ ಇದ್ದುದರಿಂದ ಹತ್ತಿ ಕೂರುವ ಧೈರ್ಯವೂ ಬರಲಿಲ್ಲ. ಮೆಟ್ಟಿಲಿನ ಮೇಲೆ ಕೂತು ಚಾ ಕುಡಿದೆ. ಮಾರಿದ ಮೇಲೆ ಹೇಗಿರುತ್ತದೆ ಎಂಬುದರ ರುಚಿ ಸಿಕ್ಕಿತು. ಅದು ಕಹಿ ಎಂದು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ರೇಡಿಯೋ ಹಾಕಿದೆ, ಆರಿಸಿದೆ. ಪಕ್ಕದ ಮನೆಯವರೊಡನೆ ಮಾತಾಡೋಣವೆಂದರೆ ಅವರು ಮಸ್ಕತ್ತಿನಲ್ಲಿ. ಅವರ ಕಾರು ಮಾತ್ರ ಇತ್ತು, ಹೊದಿಕೆಯ ಒಳಗೆ.

ಸಾಮಾನು ಬಂತು, ಮೆಕ್ಯಾನಿಕ್ಕೂ ಬಂದ. ಬಹಳ ದಿನಗಳ ಮೇಲೆ ನಾನು ಇಬ್ಬರಿಗೆ ಅಕ್ಕಿ ಹಾಕಿದೆ, ಬಂಗುಡೆ ಮೀನಿನ ಸಾರು ಮಾಡಿದೆ. ಅವನು ಮಾತಾಡುತ್ತಲೇ ಕೆಲಸ ಮಾಡುವ ಜನ. ಡಿಸ್ಕು ಕೂರುವ ಜಾಗದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದ. ಒಂದು ಕಾಳಿನಷ್ಟು ಉಳಿದರೂ ಹೊಸ ಡಿಸ್ಕು ಓರೆ ಕೂರುತ್ತದಂತೆ. ಹೊಸ ಡಿಸ್ಕುಗಳ ಮೇಲೆ ತುಕ್ಕು ಹಿಡಿಯದಿರಲು ಹಚ್ಚಿದ್ದ ಎಣ್ಣೆಯನ್ನು ಒರೆಸಿದ. ಪ್ಯಾಡುಗಳೂ ಹೊಸತು. ಹಿಂದಿನ ಪಾರ್ಕಿಂಗ್ ಬ್ರೇಕು ಕರೆಂಟಿನದ್ದಾದ ಕಾರಣ ಒಂದು ಸಣ್ಣ ಯಂತ್ರ ಜೋಡಿಸಿ ಅದನ್ನು ಬಿಚ್ಚಿಸಿದ. ಎಲ್ಲ ಆದ ಮೇಲೆ ಪೆಡಲನ್ನು ಒತ್ತಿ ಒತ್ತಿ ಗಟ್ಟಿ ಮಾಡಿದ. ಹಾಗೆ ಮಾಡದೆ ಹೊರಟರೆ ಮೊದಲ ಬ್ರೇಕಿಗೆ ಕಾಲು ತಳಕ್ಕೆ ಹೋಗುತ್ತದೆ, ಕಾರು ಗೇಟಿಗೆ ಹೋಗುತ್ತದೆ. ನಾನು ಅಗತ್ಯವಿಲ್ಲದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಒಂದೊಂದು ಬೋಲ್ಟು ಬಿಗಿಯುವಾಗಲೂ ಕೆಲಸ ಮುಗಿಯುತ್ತಾ ಬಂತಲ್ಲ ಎಂದು ಬೇಸರವಾಗುತ್ತಿತ್ತು.

ಗಿರಾಕಿ ಅದೇ ದಿನ ಸಂಜೆ ಬರುವುದೆಂದು ಅಳಿಯ ನಿಶ್ಚಯ ಮಾಡಿದ್ದ. ಮೆಕ್ಯಾನಿಕ್ ಸರ್ವಿಸ್ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ ಬಂದು, ಸರಿ ಉಂಟು ಎಂದ. ಅಷ್ಟರಲ್ಲಿ ಅವನಿಗೆ ಬೇರೆ ಕಡೆಯಿಂದ ಅವಸರದ ಕರೆ ಬಂತು.

"ಅಕ್ಕ, ಒಂದು ಕೆಲಸ ಬಾಕಿ ಉಂಟು. ಹೊಸ ಪ್ಯಾಡು ಹೊಸ ಡಿಸ್ಕಿಗೆ ಸೆಟ್ ಆಗ್ಬೇಕು. ನಿಮಗೆ ಲೈಸೆನ್ಸ್ ಉಂಟಲ್ಲ? ಹೈವೇಗೆ ಹೋಗಿ. ಹಿಂದೆ ಯಾರೂ ಇಲ್ಲದಾಗ ಚೂರು ಸ್ಪೀಡ್ ಮಾಡಿ, ಬ್ರೇಕ್ ಹಿಡಿದು ಕಮ್ಮಿ ಮಾಡಿ. ಪೂರ್ತಿ ನಿಲ್ಲಿಸ್ಬೇಡಿ. ಪುನಃ ಸ್ಪೀಡ್ ಮಾಡಿ, ಪುನಃ ಹಿಡೀರಿ. ಏಳೆಂಟು ಸಲ. ಆಗ ಡಿಸ್ಕ್ ಬಿಸಿ ಆಗ್ತದೆ. ಬಿಸಿ ಇರುವಾಗ ಎಲ್ಲಿಯೂ ನಿಲ್ಲಿಸ್ಲಿಕ್ಕಿಲ್ಲ, ಗೊತ್ತಾಯ್ತಾ? ನಿಲ್ಲಿಸಿದ್ರೆ ಪ್ಯಾಡಿನ ಅಚ್ಚು ಬೀಳ್ತದೆ, ಮತ್ತೆ ಅದು ಹೋಗುದಿಲ್ಲ. ತಣ್ಣಗಾಗುವವರೆಗೆ ಸುಮ್ಮನೆ ಓಡಿಸ್ತಾ ಇರಿ."

"ನಾನಾ?" ಎಂದೆ.

"ಮತ್ತೆ ಯಾರು? ಕಾರು ನಿಮ್ದಲ್ವಾ?" ಎಂದು ಅವನು ಸ್ಕೂಟರು ಹತ್ತಿದ. "ಹಳೇ ಡಿಸ್ಕು ಗುಜರಿಗೆ ಕೊಡಿ," ಎಂದು ಹೋಗುತ್ತಾ ಕೂಗಿದ.

ಗುಜರಿಗೆ ಮೂರನ್ನು ಬಿಟ್ಟೆ. ಮುಂದಿನ ಒಂದನ್ನು ಪೇಪರಿನಲ್ಲಿ ಸುತ್ತಿದೆ. ಮನೆಯಲ್ಲಿ ಇಟ್ಟರೆ ಅಳಿಯ ಕಣ್ಣಿಗೆ ಬಿದ್ದದ್ದೇ ಗುಜರಿಗೆ ಹಾಕಿಯಾನೆಂದು, ಎತ್ತಲಾರದೆ ಎತ್ತಿ ಕಾರಿನ ಎಡಗಡೆಯ ಸೀಟಿನ ಮೇಲೆ ಇಟ್ಟೆ. ಬಲಗಡೆ ಹತ್ತಿ ಕೂತೆ. ಸೀಟನ್ನು ಮೆಕ್ಯಾನಿಕ್ಕೂ ಸರಿಸಿರಲಿಲ್ಲ, ಇನ್ನೂ ಗಂಡನ ಉದ್ದಕ್ಕೇ ಇತ್ತು, ಕಾಲು ಎಟುಕಲಿಲ್ಲ. ಗುಂಡಿ ಒತ್ತಿ ಮುಂದಕ್ಕೆ ತಂದುಕೊಂಡೆ. ಎರಡೂ ಬದಿಯ ಕನ್ನಡಿ ನೋಡುತ್ತಾ ಗೇಟಿನ ಕಂಬಗಳ ನಡುವೆ ದಾಟಿದೆ.

ರಸ್ತೆಗೆ ಬಂದು ಸ್ವಲ್ಪ ಮುಂದೆ ಹೋಗುವಾಗ ಕಾರು 'ಟಿಂಗ್ ಟಿಂಗ್' ಎನ್ನತೊಡಗಿತು. ಏನೋ ಕೆಟ್ಟಿತು ಎಂದುಕೊಂಡೆ. ನೋಡಿದರೆ, ಎಡಗಡೆ ಕೂತವರು ಬೆಲ್ಟು ಹಾಕಿಲ್ಲ ಎಂದು ಎಚ್ಚರಿಸುವ ಕೆಂಪು ದೀಪ. ಡಿಸ್ಕಿನ ಭಾರಕ್ಕೆ ಕಾರು ಅಲ್ಲಿ ಯಾರೋ ಕೂತಿದ್ದಾರೆ ಎಂದು ತಿಳಿದಿತ್ತು. ಬದಿಗೆ ನಿಲ್ಲಿಸಿ, ಬಗ್ಗಿ, ಬೆಲ್ಟು ಎಳೆದು ಡಿಸ್ಕಿನ ಮೇಲಿಂದ ಹಾಕಿದೆ. ಕಾರು ಸುಮ್ಮನಾಯಿತು.

ಹೊಸ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ಅಂಡರ್‌ಪಾಸಿನಲ್ಲಿ ತಿರುಗಿ ವಾಪಸು ಬರುವಾಗ ಅವನು ಹೇಳಿದ ಹಾಗೆ ಮಾಡಿದೆ. ಸ್ಪೀಡು, ಬ್ರೇಕು, ಸ್ಪೀಡು, ಬ್ರೇಕು. ಮೊದಮೊದಲು ಬ್ರೇಕು ಜಾರಿದ ಹಾಗಿತ್ತು. ಆಮೇಲೆ ಆಮೇಲೆ ಹಿಡಿತ ಬಂತು. ಬಿಸಿ ಕಬ್ಬಿಣದ ಕಮಟು ವಾಸನೆ ಒಳಗೆಲ್ಲ ತುಂಬಿತು. ಆಗ ಎಡಗಡೆಗೆ ನೋಡಿದೆ. ಇಷ್ಟು ಕಾಲ ನಾನು ಅಲ್ಲಿ ಕೂತು ಬಲಗಡೆ ಖಾಲಿ ಎಂದು ಮರುಗಿದವಳು. ಇಲ್ಲಿ ಕೂತು ನೋಡಿದಾಗ ಅವರಿಗೆ ಅಬುಧಾಬಿಯಲ್ಲಿ ವರ್ಷಗಟ್ಟಲೆ ಕಂಡದ್ದು ನನಗೂ ಕಂಡಿತು. ಕಾರು ಎಷ್ಟು ದೊಡ್ಡದೋ ಪಕ್ಕದ ಸೀಟು ಅಷ್ಟೇ ಖಾಲಿ. ಟಿಶ್ಯೂ ಡಬ್ಬ ಎಂದು ಅವರು ನಗುತ್ತಾ ಹೇಳಿದ್ದರು. ಅದು ನಗುವ ಮಾತಾಗಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಬ್ರೇಕು ಹಿಡಿದೆ, ಬಿಟ್ಟೆ.

ಸರ್ವಿಸ್ ರಸ್ತೆಗೆ ಇಳಿದು ಮನೆಯ ಹತ್ತಿರ ಬರುವಾಗ ಗೇಟಿನ ಎದುರು ಅಳಿಯ ನಿಂತಿದ್ದ. ಪಕ್ಕದಲ್ಲಿ ಗಿರಾಕಿ. ಇಬ್ಬರೂ ಕಾರನ್ನು ಕಂಡು ಬದಿಗೆ ಸರಿದರು, ಒಳಗೆ ಹೋಗಲು ದಾರಿ ಬಿಟ್ಟರು. ನಿಲ್ಲಿಸಲು ಕಾಲು ಬ್ರೇಕಿನ ಕಡೆ ಹೋದದ್ದು ನಿಜ. ಬಿಸಿ ಇರುವಾಗ ನಿಲ್ಲಿಸಲಿಕ್ಕಿಲ್ಲ ಎಂಬ ಮಾತು ಅದೇ ಹೊತ್ತಿಗೆ ನೆನಪಾಯಿತು. ಕೈ ಬೀಸಿದೆ. ಅವರ ಎದುರಿನಿಂದಲೇ ಮುಂದೆ ಹೋದೆ. ಕನ್ನಡಿಯಲ್ಲಿ ಅಳಿಯ ಎರಡೂ ಕೈ ಎತ್ತಿ ಏನೋ ಹೇಳುತ್ತಿದ್ದ.

ಬಂದ್ಯೋಡು ಕಳೆಯಿತು. ಕುಂಬಳೆಯಲ್ಲಿ ಎಡಕ್ಕೆ ತಿರುಗಿದೆ. ಬ್ರೇಕು ಆದಷ್ಟು ಮುಟ್ಟದೆ, ಭಾನುವಾರದ ಆ ದಾರಿಯಲ್ಲಿ ಮೆಲ್ಲಗೆ ಹೋದೆ. ಕಡಲಿನ ಗಾಳಿ ಹಿಂದೆ ಉಳಿಯಿತು. ಫೋನು ಬ್ಯಾಗಿನೊಳಗೆ ಬಡಕೊಳ್ಳುತ್ತಲೇ ಇತ್ತು.

ಬದಿಯಡ್ಕದಲ್ಲಿ ನನಗೆ ಯಾರೂ ಇಲ್ಲ. ಅವರು ನಿಲ್ಲಿಸುತ್ತಿದ್ದ ಹೋಟೆಲಿನ ಎದುರು ನಿಲ್ಲಿಸಿದೆ, ದೂರದಿಂದಲೇ ಕಾಲಿಟ್ಟು, ನಯವಾಗಿ. ಡಿಸ್ಕು ಸೀಟಿನಿಂದ ಕದಲಲಿಲ್ಲ. ಇಳಿದು ಒಂದು ಚಾ ಹೇಳಿದೆ. ಹೋಟೆಲಿನವರು ನನ್ನ ಗುರುತು ಹಿಡಿದು, "ಒಬ್ಬರೇ ಬಂದದ್ದಾ?" ಎಂದು ಕೇಳಿದರು. ಹೌದು ಎಂದೆ. ಲೋಟ ಹಿಡಿದುಕೊಂಡು ಬಂದು ಮುಂದಿನ ಗಾಲಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಎಡೆಯಿಂದ ಕೈ ಹತ್ತಿರ ಹಿಡಿದು ನೋಡಿದೆ. ಬಿಸಿ ತಾಗಲಿಲ್ಲ. ಒಂದು ಬೆರಳು ತಾಗಿಸಿದೆ. ತಣ್ಣಗೆ, ನುಣ್ಣಗೆ ಇತ್ತು, ಒಂದು ಗೀರೂ ಇಲ್ಲದೆ.

ಫೋನು ಪುನಃ ಹೊಡೆದುಕೊಂಡಿತು. ಲೋಟವನ್ನು ನೆಲದಲ್ಲಿಟ್ಟು, ಹೆಗಲ ಬ್ಯಾಗಿನಿಂದ ತೆಗೆದು ಈ ಸಲ ಎತ್ತಿದೆ.

"ಮಾಮಿ, ಎಲ್ಲಿದ್ದೀರಿ? ಇವರಿಗೆ ಕಾದು ಕಾದು ಸಾಕಾಯ್ತು. ಗೇಟಿನ ಹತ್ರ ಬಂದು ನಿಲ್ಲಿಸದೆ ಎಂತಕ್ಕೆ ಹೋದದ್ದು?"

"ಡಿಸ್ಕ್ ಬಿಸಿ ಉಂಟು ಮಗಾ. ನಿಲ್ಲಿಸ್ಲಿಕ್ಕೆ ಇಲ್ಲ ಅಂತ ಮೆಕ್ಯಾನಿಕ್ ಹೇಳಿದ್ದಾನೆ."

"ಈಗ ತಣ್ಣಗಾಗಿರ್ಬೇಕಲ್ಲ?"

ನನ್ನ ಬೆರಳು ಇನ್ನೂ ಡಿಸ್ಕಿನ ಮೇಲೆಯೇ ಇತ್ತು.

"ಇಲ್ಲ," ಎಂದೆ. "ಅವರನ್ನು ಕಳಿಸು. ಇದು ಸದ್ಯಕ್ಕೆ ತಣಿಯುವ ಹಾಗೆ ಕಾಣುದಿಲ್ಲ."